ಎರಡನೇ ಹೆಜ್ಜೆಯಲ್ಲಿ ಕತ್ತರಿಸಿದ ಅರ್ಧ ಮುಖ

ಚೌಕಮನೆ, ಕಪ್ಪತಗುಡ್ಡದ ಬುಡ
ಗಾಳಿ ಎಣಿಕೆಯ ೧೯೨ನೇ ವರ್ಷ, ಹದಿಮೂರನೇ ತಿಂಗಳ ಐದನೇ ದಿನ

‘ಗದಗ ಮಿರ್ಚಿ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದವರಿಗೆ ಶಿವಗಂಗಾ ಮುಳಗುಂದ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಯಾರೋ ಚೇಷ್ಟೆ ಮಾಡಿದ್ದಾರೆ ಎಂದುಕೊಳ್ಳಬೇಡಿ. ನಮ್ಮ ವರ್ಷಕ್ಕೆ ಹದಿಮೂರು ತಿಂಗಳು, ತಿಂಗಳಿಗೆ ಇಪ್ಪತ್ತೆಂಟು ದಿನ. ಮಿಕ್ಕ ಒಂದು ದಿನವನ್ನು ಯಾವ ತಿಂಗಳಿಗೂ ಸೇರಿಸದೆ ಮಲಗಿ ಕಳೆಯುತ್ತೇವೆ. ನಿಮ್ಮ ಲೆಕ್ಕದಲ್ಲಿ ನಾನು ನಿಮಗಿಂತ ಸುಮಾರು ಇನ್ನೂರ ಐವತ್ತು ವರ್ಷ ಆಚೆ ಕುಳಿತಿದ್ದೇನೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಬೇಕು. ನಿಮ್ಮ ಕಾಲದ ಪದಗಳಲ್ಲಿ ನನಗೆ ಚೆನ್ನಾಗಿ ಬರುವುದು ನಮಗೆ ಸಿಕ್ಕ ನಿಮ್ಮ ಪಾಠದ ಹದಿನಾಲ್ಕು ಹಾಳೆಗಳಲ್ಲಿ ಇರುವವು ಮಾತ್ರ. ಹಾಗಾಗಿ ಲೇಯರ್, ಕ್ರಾಪ್, ಶಾರ್ಪನ್ ಎಂಬ ಪದಗಳನ್ನು ಉಪ್ಪು, ನೀರು ಎನ್ನುವಷ್ಟೇ ಸಲೀಸಾಗಿ ಹೇಳುತ್ತೇನೆ. ಇನ್ನೊಂದು ತೊಡಕೂ ಇದೆ. ನೀವು ಆ ಹಾಳೆಗಳನ್ನು ಬರೆದಾಗ ನಿಮಗೆ ಹತ್ತೊಂಬತ್ತು, ನನಗೀಗ ಐವತ್ತನಾಲ್ಕು. ಹಿರಿಯರೆಂದು ಕಾಲು ಮುಟ್ಟಬೇಕೋ ಹುಡುಗಿಯೆಂದು ಕಿವಿ ಹಿಂಡಬೇಕೋ ಗೊತ್ತಾಗದೆ ‘ನೀವು’ ಎನ್ನುತ್ತಿದ್ದೇನೆ.

ಈ ಕಾಗದ ನಿಮ್ಮನ್ನು ಮುಟ್ಟುವ ದಾರಿ ನನಗೆ ಗೊತ್ತಿಲ್ಲ. ಆದರೆ ಕಸುಬಿನಲ್ಲಿ ತಪ್ಪು ಕಂಡರೆ ಅದನ್ನು ಮೊದಲು ಕಲಿಸಿದವರಿಗೆ ತಿಳಿಸಬೇಕು ಎಂಬುದು ನಮ್ಮಲ್ಲಿ ನಡೆದುಬಂದ ರೂಢಿ. ಕಲಿಸಿದವರು ಬದುಕಿದ್ದಾರೋ ಇಲ್ಲವೋ ಎಂಬುದನ್ನು ರೂಢಿ ಕೇಳುವುದಿಲ್ಲ.

ನಿಮ್ಮ ಬಗ್ಗೆ ನಮಗೆ ಗೊತ್ತಿರುವುದು ಇಷ್ಟು. ‘ಎರಡನೇ ಮಹಡಿ’ ಎಂಬ ಧಾರಾವಾಹಿಯಲ್ಲಿ ಬರುತ್ತಿದ್ದ ವಕೀಲ ವಿಕ್ರಾಂತ ಎಂದರೆ ನಿಮಗೆ ಪ್ರಾಣ. ಅವನು ಪರದೆಯ ಮೇಲೆ ಬಂದಾಗ ನಿಲ್ಲಿಸಿ, ಆ ಚಿತ್ರ ಹಿಡಿದು, ಕಂಪ್ಯೂಟರಿನಲ್ಲಿ ಫೋಟೋ ತಿದ್ದುವ ಸಾಫ್ಟ್‌ವೇರ್ ತೆರೆದು, ಉದ್ದಕ್ಕೆ ನೂರು ಚುಕ್ಕಿ, ಅಗಲಕ್ಕೆ ನೂರು ಚುಕ್ಕಿಯ ಐಕಾನ್ ಮಾಡುತ್ತಿದ್ದಿರಿ. ಅವನ ಅಭಿಮಾನಿಗಳೆಲ್ಲ ಅದನ್ನು ತಮ್ಮ ಹೆಸರಿನ ಪಕ್ಕ ಅಂಟಿಸಿಕೊಳ್ಳುತ್ತಿದ್ದರು. ಹೇಗೆ ಮಾಡುವುದೆಂದು ಎಲ್ಲರೂ ಕೇಳಿದಾಗ ಒಂದು ಪಾಠ ಬರೆದಿರಿ. ಅದನ್ನು ಯಾರಿಗೋ ಕಲಿಸಲು ಬಣ್ಣದಲ್ಲಿ ಪ್ರಿಂಟ್ ತೆಗೆಸಿ, ಹಾಳೆ ಹಾಳಾಗದಂತೆ ಲ್ಯಾಮಿನೇಷನ್ ಮಾಡಿಸಿದಿರಿ. ನೀವು ಮಾಡಿದ ಪುಣ್ಯದ ಕೆಲಸವೋ ಪಾಪದ ಕೆಲಸವೋ, ಆ ಲ್ಯಾಮಿನೇಷನ್ ಒಂದೇ.

ನಿಮ್ಮ ಕಾಲದವರು ತೆಗೆದ ಕೋಟ್ಯಂತರ ಫೋಟೋಗಳಲ್ಲಿ ಒಂದೂ ನಮಗೆ ಸಿಕ್ಕಿಲ್ಲ. ಅವನ್ನು ಕೂಡಿಟ್ಟ ಯಂತ್ರಗಳನ್ನು ತಂಪಾಗಿಡಲು ಕರೆಂಟು ಸಾಲದೆ ಒಂದೊಂದಾಗಿ ಆರಿಸಿದರು. ಹಾಗೆ ಆರಿಸುತ್ತ ಹೋದ ಏಳು ವರ್ಷಗಳಿಗೆ ‘ದೊಡ್ಡ ಅಳಿವು’ ಎನ್ನುತ್ತೇವೆ. ಆಮೇಲೆ ಗುಡ್ಡದ ಗಾಳಿಕಂಬಗಳಿಂದ ಬರುವ ಕರೆಂಟಿನಲ್ಲೇ ಬದುಕು ಹೊಂದಿಸಿಕೊಂಡ ಜನ ಒಂದು ಸಣ್ಣ ‘ನೆನಪಿನ ಕೋಠಿ’ ಕಟ್ಟಿದರು. ಅದರಲ್ಲಿ ಬದುಕಿರುವವರಿಗೆ ವರ್ಷಕ್ಕೊಂದು ಫೋಟೋ ಇಡಲು ಜಾಗ. ಸತ್ತ ಹನ್ನೊಂದನೇ ದಿನ ಆ ಫೋಟೋಗಳನ್ನೆಲ್ಲ ಅಳಿಸಿ, ಹುಟ್ಟಲಿರುವವರಿಗೆ ಜಾಗ ಬಿಡಬೇಕು. ಸತ್ತವರ ಪಾಲಿಗೆ ಉಳಿಯುವುದು ನೂರಕ್ಕೆ ನೂರು ಚುಕ್ಕಿ. ಅಷ್ಟು ಸಣ್ಣ ಜಾಗದಲ್ಲಿ ಒಬ್ಬ ಮನುಷ್ಯನನ್ನು ಕೂರಿಸುವುದು ಹೇಗೆಂದು ಯಾರಿಗೂ ತಿಳಿಯದಿದ್ದಾಗ ನಿಮ್ಮ ಹಾಳೆಗಳು ಸಿಕ್ಕವು. ನೂರಕ್ಕೆ ನೂರು ಎಂದು ಮೊದಲ ಸಾಲಿನಲ್ಲೇ ಇತ್ತು. ಅದನ್ನು ನೋಡಿ ಹಿರಿಯರು ಅತ್ತರಂತೆ. ಆ ಚಿತ್ರಕ್ಕೆ ನಾವು ಚೌಕ ಎನ್ನುತ್ತೇವೆ, ಮಾಡುವ ನನ್ನಂಥವರಿಗೆ ಚೌಕಗಾರರು ಎನ್ನುತ್ತಾರೆ. ಇಪ್ಪತ್ತೆರಡು ವರ್ಷದಿಂದ ನಾನು ಮಾಡುತ್ತಿರುವುದು ಇದೇ ಕೆಲಸ.

ನೀವು ಒಳ್ಳೆಯ ಮೇಷ್ಟರು. ಪ್ರತಿ ಹೆಜ್ಜೆಗೂ ಕಾರಣ ಕೊಟ್ಟಿದ್ದೀರಿ. ಚಿತ್ರ ಕುಗ್ಗಿಸಿದ ಮೇಲೆ ಮಂಕಾಗುತ್ತದೆ, ಅದಕ್ಕೇ ಶಾರ್ಪನ್: “ಒಂದ ಸಲ ಹೊಡೀರಿ. ಎರಡ ಸಲ ಹೊಡದ್ರ ಮಾರಿ ಮ್ಯಾಲ ಉಸುಕು ಚೆಲ್ಲಿದಂಗ ಕಾಣ್ತದ.” ಆಮೇಲೆ ಅದೇ ಚಿತ್ರದ ಇನ್ನೊಂದು ಲೇಯರ್ ಮೇಲೆ ಹಾಕಿ ಸ್ಕ್ರೀನ್ ಮಾಡಿ ಬೆಳಕು ಹೆಚ್ಚಿಸಬೇಕು, ಯಾಕೆಂದರೆ ಧಾರಾವಾಹಿಯವರು ದೀಪ ಸರಿಯಾಗಿ ಹಾಕುವುದಿಲ್ಲ. ಅದರ ಮೇಲೆ ಕಡುನೀಲಿ ತುಂಬಿದ ಲೇಯರ್ ಒಂದನ್ನು ಎಕ್ಸ್‌ಕ್ಲೂಷನ್ ಎಂಬ ಬೆರಕೆಯಲ್ಲಿ ಇಟ್ಟರೆ ನೆರಳುಗಳಿಗೆ ಹಳೆಯ ಕಾಲದ ಬಣ್ಣ ಬರುತ್ತದೆ. ನಾವು ಅದನ್ನೂ ತಪ್ಪದೆ ಮಾಡುತ್ತೇವೆ, ಹಾಗಾಗಿ ಸತ್ತವರೆಲ್ಲ ಒಂದಿಷ್ಟು ನೀಲಿಯಾಗುತ್ತಾರೆ ಎಂದು ನಮ್ಮ ಮಕ್ಕಳು ನಂಬಿದ್ದಾರೆ. ಕೊನೆಗೆ ಮೂಲೆಯಲ್ಲಿ ಅತಿ ಸಣ್ಣ ಅಕ್ಷರದಲ್ಲಿ ಒಂದು ಪದ. ನೀವು ‘ನಮ್ಮ ವಕೀಲ’ ಎಂದು ಬರೆದಿರಿ. ನಾವು ಸತ್ತವರು ದಿನವೂ ಆಡುತ್ತಿದ್ದ ಪದವೊಂದನ್ನು ಮನೆಯವರಿಂದ ಕೇಳಿ ಬರೆಯುತ್ತೇವೆ. ‘ತಡಿ’ ಎಂಬುದೇ ಹೆಚ್ಚು.

ಕಾರಣ ಕೊಡದೆ ಬಿಟ್ಟದ್ದು ಎರಡನೇ ಹೆಜ್ಜೆಗೆ ಮಾತ್ರ. “ಬಲಗಡಿ ಅರ್ಧ ಮಾರಿ ಕತ್ತರಿಸಿ ಒಗೀರಿ. ಒಂದ ಕಣ್ಣು ಉಳಿಬೇಕು. ಚಿತ್ರ ತಿರುವಿ ಹಾಕಬ್ಯಾಡ್ರಿ ಮತ್ತ, ವಿಕ್ರಾಂತನ ಬೈತಲಿ ಆ ಕಡಿ ಹೋದ್ರ ನಮ್ಮ ಮಂದಿ ಥಟ್ಟನ ಹಿಡೀತಾರ.” ಕಾರಣ ಇಲ್ಲದ ಕಡೆ ಜನ ಕಾರಣ ಹುಟ್ಟಿಸುತ್ತಾರೆ. ನಮ್ಮ ಹಿರಿಯರು, ಸತ್ತವರ ಒಂದು ಕಣ್ಣು ನಮ್ಮನ್ನು ನೋಡಲಿಕ್ಕೆ, ಇನ್ನೊಂದು ತಮಗಿಂತ ಮೊದಲು ಹೋದವರನ್ನು ನೋಡಲಿಕ್ಕೆ ಎಂದರು. ಕೇಳಲಿಕ್ಕೆ ಚೆನ್ನಾಗಿದೆ. ಮನೆಯವರಿಗೆ ಸಮಾಧಾನವೂ ಆಗುತ್ತದೆ. ಹಿರಿಯಕ್ಕನ ಚಾಳಿ ಮನೆಮಂದಿಗೆಲ್ಲ ಎಂಬಂತೆ, ಕಪ್ಪತಗುಡ್ಡದಲ್ಲಿ ಶುರುವಾದದ್ದು ಕೃಷ್ಣೆಯವರೆಗಿನ ಎಲ್ಲ ಚೌಕಮನೆಗಳಿಗೂ ಹಬ್ಬಿತು. ನಮ್ಮ ಕೋಠಿಯ ಸತ್ತವರಲ್ಲಿ ಎರಡು ಕಣ್ಣು ಇರುವವರು ಒಬ್ಬರೂ ಇಲ್ಲ.

ಒಮ್ಮೆ ಡಂಬಳದಿಂದ ಒಬ್ಬ ತಾಯಿ ಬಂದಿದ್ದಳು. ತೀರಿಹೋದ ಮಗಳ ಎಡಗೆನ್ನೆಯ ಮೇಲೆ ಹುಟ್ಟಿನಿಂದ ಒಂದು ಕೆಂಪು ಮಚ್ಚೆ, ಚಿತ್ರದಲ್ಲಿ ಅದು ನೋಡುವವರ ಬಲಗಡೆ ಬರುತ್ತದೆ, ಕತ್ತರಿಸಿಹೋಗುತ್ತದೆ. “ಅಕ್ಕಾರ, ಮಚ್ಚಿ ಇಲ್ಲದ ಆಕಿ ಯಾರ ಮಗಳೋ ಆಗ್ತಾಳ. ಆ ಕಡೆದ ಇಡ್ರಿ” ಎಂದು ಬಾಗಿಲಲ್ಲಿ ಕುಳಿತಳು. ನಾನು ಆಕೆಗೆ ನೀರು ಕೊಟ್ಟು, ಊರಿಗೇ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎಂದು ಆಗಬಾರದು ಎಂದೆ. ಎಷ್ಟು ಸುಲಭವಾಗಿ ಅಂದೆ. ಆಕೆ ಸಂಜೆಯವರೆಗೆ ಕುಳಿತು ಎದ್ದು ಹೋದಳು.

ಈಗ ನನ್ನ ಗಂಡನ ವಿಷಯ. ಹೆಸರು ಅಡಿವೆಪ್ಪ. ಗಾಳಿಕಂಬ ಹತ್ತಿ ರೆಕ್ಕೆಯ ಬುಡಕ್ಕೆ ಎಣ್ಣೆ ಬಿಡುವ ಕೆಲಸ. ಒಂಬತ್ತು ವರ್ಷದ ಹಿಂದೆ ಒಂದು ಮುಂಜಾನೆ ಬಾಯಿ ಮುಕ್ಕಳಿಸುವಾಗ ನೀರು ಒಂದು ಕಡೆಯಿಂದ ಸೋರಿತು. ಬಲಗಡೆಯ ಮುಖ ಪೂರ್ತಿ ಬಿದ್ದುಹೋಗಿತ್ತು. ಆ ಕಡೆಯ ರೆಪ್ಪೆ ಮುಚ್ಚುತ್ತಿರಲಿಲ್ಲ, ತುಟಿ ಏಳುತ್ತಿರಲಿಲ್ಲ. ಔಷಧಿ ಹತ್ತಲಿಲ್ಲ. ಅವರು ಅದನ್ನೇ ತಮಾಷೆ ಮಾಡಿಕೊಂಡರು. “ಈ ಕಡೆ ನೋಡಿ ಮಾತಾಡು, ಆ ಕಡೆಯಾಂವ ರಜಾ ಹಾಕ್ಯಾನ” ಎಂದು ಎಡಗೆನ್ನೆ ಮುಂದೆ ಮಾಡುತ್ತಿದ್ದರು. ನಗು, ಸಿಟ್ಟು, ಕಣ್ಣು ಮಿಟುಕಿಸುವುದು ಎಲ್ಲ ಆ ಎಡ ಅರ್ಧದಲ್ಲೇ. ಎಂಟು ವರ್ಷ ನಾನು ಸಂಸಾರ ಮಾಡಿದ್ದು ಆ ಅರ್ಧ ಮುಖದ ಜೊತೆ.

ಹೋದ ವರ್ಷ ಅವರು ಜ್ವರ ಬಂದು ನಾಲ್ಕು ದಿನದಲ್ಲಿ ತೀರಿಕೊಂಡರು. ಹತ್ತನೇ ದಿನ ನಾನು ಅವರ ಚೌಕಕ್ಕೆ ಕುಳಿತೆ. ಬೇರೆ ಚೌಕಗಾರರು ನಾವು ಮಾಡುತ್ತೇವೆ ಎಂದರು, ನಾನು ಬಿಡಲಿಲ್ಲ. ಫೋಟೋ ತೆರೆದರೆ ಅವರು ನಗುತ್ತಿದ್ದರು. ಎಡಗೆನ್ನೆಯ ನಗು, ಅಂದರೆ ಚಿತ್ರದ ಬಲಗಡೆ. ಮಗಳು ರೇವಾ ನನ್ನ ಹಿಂದೆ ನಿಂತಿದ್ದಳು. “ಅವ್ವಾ, ತಿರುವಿ ಹಾಕು. ನಗೋ ಕಡೆ ಉಳೀತದ. ಯಾರಿಗೂ ಗೊತ್ತಾಗಂಗಿಲ್ಲ” ಎಂದಳು. ತಿರುವುವುದು ಒಂದು ಗುಂಡಿ ಒತ್ತುವ ಕೆಲಸ. ನನಗೆ ಡಂಬಳದ ತಾಯಿ ನೆನಪಾದಳು. ಆಕೆಗೆ ಇಲ್ಲದ್ದು ನನಗೆ ಹೇಗೆ ಎಂದು ಕತ್ತರಿಸಿದೆ. ಕುಗ್ಗಿಸಿದೆ, ಒಂದೇ ಸಲ ಶಾರ್ಪನ್ ಕೊಟ್ಟೆ, ಸ್ಕ್ರೀನ್, ಕಡುನೀಲಿ. ಮೂಲೆಯಲ್ಲಿ ‘ರಜಾ’ ಎಂದು ಬರೆದೆ. ಕಾಲಿಗೆ ಜೋಮು ಹಿಡಿದಾಗ ಅದು ಯಾರದೋ ಕಾಲು ಅನ್ನಿಸುತ್ತದಲ್ಲ, ಹಾಗೆ ಇದನ್ನೆಲ್ಲ ಮಾಡಿದ್ದು ಯಾರದೋ ಕೈ. ಮರುದಿನ ಅವರ ಐವತ್ತೊಂಬತ್ತು ಫೋಟೋಗಳನ್ನು ಅಳಿಸುವಾಗಲೂ ನಾನೇ ಹಾಜರಿದ್ದೆ. ಚೌಕ ನೋಡಿ ರೇವಾ ಹೇಳಿದ್ದು ಒಂದೇ ಮಾತು: “ಇದು ಅಪ್ಪ ಅಲ್ಲ.” ಅವಳು ಹೇಳಿದ್ದು ಸರಿ. ಮುಚ್ಚದ ಕಣ್ಣು, ಜೋತ ತುಟಿ. ರಜಾ ಹಾಕಿದವನನ್ನು ಉಳಿಸಿ, ಮನೆಯಲ್ಲಿದ್ದವನನ್ನು ಕಳೆದಿದ್ದೆ. ಅಂದಿನಿಂದ ಅವಳು ನನ್ನೊಡನೆ ಅಡುಗೆ, ನೀರು, ಬಟ್ಟೆಯ ಬಗ್ಗೆ ಮಾತ್ರ ಮಾತಾಡುತ್ತಾಳೆ.

ಎಂಟು ತಿಂಗಳ ಮೇಲೆ ಬೆಟಗೇರಿಯ ಹಳೆಯ ಮನೆಯೊಂದರಿಂದ ಚೌಕಮನೆಗೆ ಒಂದು ಟ್ರಂಕು ಬಂತು. ತಳಕ್ಕೆ ಹಾಸಿದ್ದ ಹಾಳೆಗಳಲ್ಲಿ ಎರಡು ನಿಮ್ಮವು. ಪಾಠದ ಕೆಳಗೆ ಓದಿದವರು ಕೇಳಿದ ಪ್ರಶ್ನೆಗಳು, ನಿಮ್ಮ ಉತ್ತರಗಳು. ಹುಬ್ಬಳ್ಳಿಯ ಹುಡುಗಿಯೊಬ್ಬಳು ಅರ್ಧ ಮುಖ ಯಾಕೆ ಎಂದು ಕೇಳಿದ್ದಾಳೆ. ನೀವು ಬರೆದಿದ್ದೀರಿ: “ಏನಿಲ್ಲವಾ, ಮ್ಯಾಲ ಬಲಗಡಿ ಮೂಲ್ಯಾಗ ಚಾನೆಲ್ಲಿನ ಲೋಗೋ ಇರ್ತದಲ್ಲ, ಅದು ಅಂವನ ಹಣಿ ಮ್ಯಾಲ ಕುಂತಿತ್ತು. ತಗಿಯಾಕ ಬರ್ಲಿಲ್ಲ, ಅದಕ್ಕ ಅರ್ಧ ಮಾರೀನ ಕತ್ತರಿಸಿಬಿಟ್ಟೆ. ಲೋಗೋ ಇಲ್ಲದ ಫೋಟೋ ಸಿಕ್ರ ಪೂರ್ತಿ ಮಾರಿ ಇಡು, ಚಂದ ಕಾಣ್ತಾನ.”

ನಾನು ಅದನ್ನು ನಾಲ್ಕು ಸಲ ಓದಿದೆ. ಅಡಿವೆಪ್ಪನ ಫೋಟೋದಲ್ಲಿ ಯಾವ ಲೋಗೋನೂ ಇರಲಿಲ್ಲ. ನಾನು ಚೌಕ ಮಾಡಿದ ಮೂರು ಸಾವಿರ ಜನರಲ್ಲಿ ಯಾರ ಹಣೆಯ ಮೇಲೂ ಏನೂ ಕುಳಿತಿರಲಿಲ್ಲ. ಅಳು ಬರುತ್ತದೆ ಎಂದು ಕಾದೆ, ಬರಲಿಲ್ಲ. ನಿಮ್ಮ ಮೇಲೆ ಸಿಟ್ಟು ಬರಬೇಕಿತ್ತು, ಅದೂ ಬರಲಿಲ್ಲ. ನೀವು ಹೇಳಿದ್ದಿರಿ, ಹೇಳಿದ ಹಾಳೆಗೆ ಮಾತ್ರ ಲ್ಯಾಮಿನೇಷನ್ ಆಗಿರಲಿಲ್ಲ. ಹಾಳೆಗಳನ್ನು ರೇವಾಳ ಮುಂದೆ ಇಟ್ಟೆ. ಅವಳು ಓದಿ, ಮಡಚಿ, ನನ್ನ ಕೈಗೇ ಕೊಟ್ಟು ಹಿಟ್ಟು ನಾದಲು ಹೋದಳು. ಡಂಬಳಕ್ಕೆ ಹೋಗಿ ಆ ತಾಯಿಗೂ ಹೇಳಬೇಕೆಂದು ಹೊರಟೆ. ಆಕೆ ತೀರಿಕೊಂಡು ಎರಡು ವರ್ಷವಾಗಿತ್ತು. ಕೋಠಿಯಲ್ಲಿ ಹುಡುಕಿದರೆ ಆಕೆಯ ಚೌಕವನ್ನು ಮಾಡಿದ್ದೂ ನಾನೇ. ಒಂದೇ ಕಣ್ಣು. ಅದು ಆಕೆ ಎಂದು ಮಾಡುವಾಗ ನನಗೆ ಗುರುತೇ ಸಿಕ್ಕಿರಲಿಲ್ಲ.

ಇನ್ನು ಮೇಲಾದರೂ ಸರಿ ಮಾಡೋಣವೆಂದು ಹೋದ ವಾರ ಒಬ್ಬ ನೇಕಾರಜ್ಜನ ಚೌಕದಲ್ಲಿ ಪೂರ್ತಿ ಮುಖ ಇಟ್ಟೆ. ಎರಡು ಕಣ್ಣುಗಳು ಒಟ್ಟಿಗೆ ನೋಡಿದಾಗ ನಾನೇ ಕುರ್ಚಿ ಹಿಂದಕ್ಕೆ ಸರಿಸಿದೆ. ಮನೆಯವರಿಗೆ ಟ್ರಂಕಿನ ಹಾಳೆ ತೋರಿಸಿ ಎಲ್ಲ ವಿವರಿಸಿದೆ. ಹಿರಿಯ ಸೊಸೆ ಸಮಾಧಾನವಾಗಿಯೇ ಕೇಳಿದಳು: “ಎರಡೂ ಕಣ್ಣು ಇಲ್ಲೇ ಇಟ್ಟುಬಿಟ್ರ, ನಮ್ಮತ್ತಿ ಆ ಕಡೆ ಕಾಯಾಕತ್ತಾಳ, ಆಕಿನ್ನ ಯಾವ ಕಣ್ಣೀಲೆ ನೋಡಬೇಕ್ರಿ?” ಅವರು ಹಟ ಹಿಡಿದರು. ನಾನು ಕತ್ತರಿಸಿ ಕೊಟ್ಟೆ. ಇಲ್ಲಿಂದ ಇದನ್ನು ಸರಿಪಡಿಸುವ ಕಾಲ ಮುಗಿದುಹೋಗಿದೆ ಎಂದು ಅವತ್ತು ತಿಳಿಯಿತು.

ಆದ್ದರಿಂದ ಒಂದು ಬೇಡಿಕೆ. ನೀವು ಇನ್ನೂ ಆ ಪಾಠ ಬರೆದಿಲ್ಲದಿದ್ದರೆ, ಅಥವಾ ಬರೆದೂ ಪ್ರಿಂಟಿಗೆ ಕೊಟ್ಟಿಲ್ಲದಿದ್ದರೆ, ಎರಡನೇ ಹೆಜ್ಜೆಯ ಪಕ್ಕದಲ್ಲಿ ಒಂದು ಸಾಲು ಸೇರಿಸಿ. ಹುಬ್ಬಳ್ಳಿಯವಳಿಗೆ ಹೇಳಿದ ಮಾತೇ ಸಾಕು. ನಿಮಗೆ ಇದು ಅತಿಯೆನಿಸಬಹುದು. ಧಾರಾವಾಹಿಯ ವಕೀಲನೊಬ್ಬನ ಐಕಾನ್, ಅದಕ್ಕೆ ಯಾರು ಕಾರಣ ಕೇಳುತ್ತಾರೆ ಎನ್ನಬಹುದು. ಕೇಳುವುದಿಲ್ಲ, ಅದೇ ತೊಂದರೆ. ನಾವು ಕೇಳಲಿಲ್ಲ, ಸುಮ್ಮನೆ ಮಾಡಿದೆವು.

ಹದಿನಾಲ್ಕು ಹಾಳೆಯಲ್ಲಿ ಆ ಸಾಲಿಗೆ ಜಾಗ ಸಾಲದಿದ್ದರೆ, ಕೊನೆಯ ಪುಟದಲ್ಲಿ ಬಾರ್ಡರ್ ಹಾಕುವ ಬಗ್ಗೆ ನೀವು ಬರೆದಿರುವ ಅರ್ಧ ಪುಟ ತೆಗೆದುಬಿಡಿ. ಬಾರ್ಡರ್ ಇಲ್ಲದೆ ನಾವು ಹೇಗೋ ಇರುತ್ತೇವೆ.

ನಿಮ್ಮ ಕೈಯಿಂದ ಕಸುಬು ಕಲಿತ
ಶಿವಗಂಗಾ