ಮೊಲವನ್ನು ನಿಧಾನ ಮಾಡಿದವರು

ಮುಧೋಳ,
ಇಸವಿ ೨೩೧೪, ಎರಡನೆಯ ಬೇಸಿಗೆಯ ಒಂಬತ್ತನೆಯ ದಿನ

ನಾಯಿ ಸಾಕಿದ ಹಿಂದಿನ ಕಾಲದವರಿಗೆ ಸಾತವ್ವ ಮಾಡುವ ನಮಸ್ಕಾರಗಳು.

ವರ್ಷಕ್ಕೆ ಎರಡು ಬೇಸಿಗೆ ಹೇಗೆಂದು ನೀವು ಕೇಳಬಹುದು. ನಮಗೆ ಹಾಗೇ ಬರುತ್ತವೆ. ನನ್ನ ಬರಹದಲ್ಲಿ ಇನ್ನೂ ಕೆಲವು ವಿಚಿತ್ರ ಪದಗಳು ನುಸುಳುತ್ತವೆ. ಕ್ಷಮಿಸಿ, ಬಂದಲ್ಲಿ ಬಿಡಿಸಿ ಹೇಳುತ್ತೇನೆ. ನಾನು ಈ ಊರಿನಲ್ಲಿ ನಾಯಿಮರಿಗಳಿಗೆ ಪೊರೆಹನಿ ಹಾಕುವವಳು. ಮರಿ ಕಣ್ಣು ಬಿಡುವ ಮೊದಲು ಅದರ ನಾಲಿಗೆಯ ಮೇಲೆ ಬಿಡುವ ಔಷಧ ಅದು. ಅದನ್ನು ನುಂಗಿ ಬೆಳೆದ ನಾಯಿಯನ್ನು ನೂರಾಯುಷಿ ಎನ್ನುತ್ತೇವೆ. ನೂರು ವರ್ಷವೇನೂ ಬದುಕುವುದಿಲ್ಲ, ಅರವತ್ತರ ಆಚೀಚೆ ಮುಗಿಯುತ್ತದೆ. ಹೆಸರಿಟ್ಟವರಿಗೆ ಹುರುಪು ಹೆಚ್ಚು.

ಜೀವಕೋಶದ ಸುತ್ತ ಕೊಬ್ಬಿನ ತೆಳುವಾದ ಪೊರೆ ಇರುತ್ತದೆ. ಅದರಲ್ಲಿ ಬಳುಕುವ ಕೊಬ್ಬೂ ಇದೆ, ಬಿಗಿ ಕೊಬ್ಬೂ ಇದೆ. ಬಳುಕುವ ಕೊಬ್ಬನ್ನು ಆಮ್ಲಜನಕ ಬೇಗ ಕೆಡಿಸುತ್ತದೆ, ಕೆಟ್ಟ ಕಣ ಪಕ್ಕದ ಕಣವನ್ನೂ ಕೆಡಿಸುತ್ತದೆ. ನಿಮ್ಮ ಅಡುಗೆಮನೆಯಲ್ಲೂ ಅಗಸೆ ಎಣ್ಣೆ ಬೇಗ ಕಮಟು ಹಿಡಿಯುತ್ತದೆ, ತುಪ್ಪ ತಡೆದುಕೊಳ್ಳುತ್ತದೆ. ಮನೆಯ ಇಲಿ ಮೂರು ವರ್ಷಕ್ಕೆ ಮುದಿಯಾದರೆ, ಸುಮಾರು ಅಷ್ಟೇ ಗಾತ್ರದ, ನೆಲದೊಳಗೆ ಬದುಕುವ ಕೂದಲಿಲ್ಲದ ಇಲಿ ಮೂವತ್ತು ವರ್ಷ ದೂಡುತ್ತದೆ. ಒಂದೇ ಗೂಡಿನಲ್ಲಿ ಹುಟ್ಟಿದರೂ ರಾಣಿಜೇನು ವರ್ಷಗಟ್ಟಲೆ ಬಾಳುತ್ತದೆ, ಕೆಲಸದ ಜೇನಿಗೆ ಕೆಲವು ವಾರ. ಇವುಗಳ ಪೊರೆಯ ಕೊಬ್ಬು ಬೇರೆ ಬೇರೆ ಎಂದು ನಿಮ್ಮ ಕಾಲದವರಿಗೇ ಗೊತ್ತಿತ್ತು. ಆಯುಷ್ಯಕ್ಕೆ ಅದೇ ಕಾರಣವೋ ಅಲ್ಲವೋ ಎಂದು ನೀವು ವಾದ ಮಾಡುತ್ತಿದ್ದಿರಿ. ನಮ್ಮವರು ವಾದ ಬಿಟ್ಟು, ಬಳುಕುವ ಕೊಬ್ಬನ್ನು ತೆಗೆದು ಬಿಗಿ ಕೊಬ್ಬನ್ನು ಕೂರಿಸುವ ಹನಿ ತಯಾರಿಸಿದರು.

ಆದರೆ ಬಳುಕುವ ಕೊಬ್ಬು ಪೊರೆಯಲ್ಲಿ ಸುಮ್ಮನೆ ಕೂತಿರಲಿಲ್ಲ. ಗುಂಡಿಗೆ ಬಿರುಸಾಗಿ ಬಡಿಯುವುದಕ್ಕೂ ಕಾಲು ಚುರುಕಾಗಿ ಎತ್ತುವುದಕ್ಕೂ ಅದೇ ಬೇಕಾಗಿತ್ತು. ನಮ್ಮದು ಓಟಕ್ಕೆ ಹೆಸರಾದ ಬೇಟೆನಾಯಿಯ ಊರು ಎಂದು ನಿಮಗೆ ಬೇರೆ ಹೇಳಬೇಕಿಲ್ಲ. ನನ್ನ ಮನೆಯ ನಾಯಿ ಚಿಗರಿಗೆ ಈಗ ನಲವತ್ತೊಂದು ವರ್ಷ. ಉದ್ದ ಕಾಲು, ಸಣ್ಣ ಸೊಂಟ, ಎಲ್ಲ ಹಾಗೇ ಇದೆ. ಬೆಳಿಗ್ಗೆ ಅವಳು ಎದ್ದು ನಿಲ್ಲುವಷ್ಟರಲ್ಲಿ ನನ್ನ ಒಂದು ಲೋಟ ಚಹಾ ಮುಗಿದಿರುತ್ತದೆ. ಚಳಿ ಬಿದ್ದರೆ ತುಪ್ಪದ ಹಾಗೆ ಹೆಪ್ಪುಗಟ್ಟುತ್ತಾಳೆ. ಆಗ ಕಾವುಗೋಣಿ ಇಡುತ್ತೇವೆ, ಅಂದರೆ ಬಿಸಿ ಮರಳು ತುಂಬಿದ ಚೀಲ. ಈ ಊರಿನಲ್ಲಿ ಹಾಸಿಗೆ ಇಲ್ಲದ ಮನೆ ಸಿಕ್ಕೀತು, ಕಾವುಗೋಣಿ ಇಲ್ಲದ ಮನೆ ಇಲ್ಲ. ಅವಳು ನನ್ನ ಕೈ ನೆಕ್ಕುತ್ತಾಳೆ, ಬಾಲವನ್ನೂ ಆಡಿಸುತ್ತಾಳೆ, ಸ್ವಲ್ಪ ತಡವಾಗಿ.

ಪ್ರತಿವರ್ಷ ನಾಯಿಗಳ ಓಟ ನಡೆಸುತ್ತೇವೆ. ಮುಂದೆ ಯಂತ್ರಮೊಲ ಓಡುತ್ತದೆ, ಹಿಂದೆ ನಾಯಿಗಳು. ಮೊಲ ತೀರ ಮುಂದೆ ಹೋದರೆ ನಾಯಿಗಳಿಗೆ ಬೇಸರವಾಗುತ್ತದೆಂದು ಅದರ ವೇಗವನ್ನು ಒಂದಿಷ್ಟು ಇಳಿಸಿದರು. ಮರುವರ್ಷ ಇನ್ನಷ್ಟು. ಈಗ ಅದರ ಪಕ್ಕದಲ್ಲಿ ನಾನೇ ನಡೆದುಕೊಂಡು ಹೋಗಬಲ್ಲೆ. ಆದರೂ ಗೆದ್ದ ನಾಯಿಗೆ ಹಾರ ಹಾಕುತ್ತೇವೆ, ಶಿಳ್ಳೆ ಹೊಡೆಯುತ್ತೇವೆ, ಒಬ್ಬರ ಮುಖ ಒಬ್ಬರು ನೋಡುವುದಿಲ್ಲ.

ಈ ಸಲ ಘಟಪ್ರಭೆಯ ಆಚೆಯಿಂದ ಕುರಿ ಕಾಯುವ ಭರಮಣ್ಣ ತನ್ನ ಹೆಣ್ಣುನಾಯಿಯನ್ನು ಕರೆತಂದಿದ್ದ. ಆ ಕಡೆಗೆ ಹನಿ ಹೋಗಿಲ್ಲ. ಮರಿ ಹಾಕಿ ವಾರವಾಗಿದ್ದ ಆ ಬಾಣಂತಿ, ಸರಪಳಿ ಬಿಚ್ಚಿದ ಕೂಡಲೇ ನಾಲ್ಕು ನೆಗೆತಕ್ಕೆ ಮೊಲವನ್ನು ಕಚ್ಚಿ ಹಿಡಿಯಿತು. ಹಿಡಿದು, ಅಷ್ಟೇನಾ ಎಂಬಂತೆ ನಮ್ಮನ್ನೆಲ್ಲ ನೋಡಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ನನ್ನ ಪಕ್ಕದಲ್ಲಿದ್ದ ಚಿಗರಿ ಎದ್ದು ನಿಂತು ಕುಂಯ್ ಎಂದಳು, ಒಂದು ಮುಂಗಾಲು ಎತ್ತಿದಳು, ಮತ್ತೆ ಕುಳಿತಳು. ಅವಳ ಮುಖ ನೋಡಲು ನನಗೆ ನಾಚಿಕೆಯಾಯಿತು. ಹುಟ್ಟಿದ ವಾರದಲ್ಲೇ ಅವಳಿಗೆ ಹನಿ ಹಾಕಿದ್ದು ನಾನು.

ಮೂರನೆಯ ದಿನ ಭರಮಣ್ಣ ಮರಿಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ನನ್ನ ಬಾಗಿಲಿಗೆ ಬಂದ. "ಇವುಗಳ ಅಜ್ಜೀನ್ನ ನನ್ನ ಕೈಲೇ ಮಣ್ಣಿಗಿಟ್ಟೀನಿ ಸಾತಕ್ಕ. ಇನ್ನೊಮ್ಮೆ ನನ್ನಿಂದ ಆಗಂಗಿಲ್ಲ. ಹನಿ ಹಾಕಿ ಕೊಡಬೇ" ಎಂದ. ಮರಿಗಳ ಕಣ್ಣು ಇನ್ನೂ ಮುಚ್ಚಿದ್ದವು. ಹನಿ ಕೆಟ್ಟುಹೋಗಿದೆ, ಹೊಸದು ಬರಲು ತಿಂಗಳಾಗುತ್ತದೆ ಎಂದು ನಾನು ಹೇಳಿಬಿಟ್ಟೆ. ಕೆಡದ ಸೀಸೆ ಒಳಗಿನ ಕಪಾಟಿನಲ್ಲಿತ್ತು. ಅವನು ಬುಟ್ಟಿ ಎತ್ತಿಕೊಂಡು ಹೋದ.

ಅಂದಿನಿಂದ ಅನ್ನ ರುಚಿಸುತ್ತಿಲ್ಲ. ಇಷ್ಟು ವರ್ಷ ಮರಿಗಳನ್ನು ಕೇಳದೆ ಹನಿ ಹಾಕಿದೆ, ಈಗ ಮನುಷ್ಯನನ್ನು ಕೇಳದೆ ಹನಿ ತಪ್ಪಿಸಿದೆ. ಅವನ ಮುಂದಿನ ಅಳುವನ್ನು ಅವನಿಗೆ ತಿಳಿಸದೆ ನಾನೇ ಗೊತ್ತು ಮಾಡಿಟ್ಟಿದ್ದೇನೆ. ಇಂದು ಬೆಳಿಗ್ಗೆ ಮರಿಗಳು ಕಣ್ಣು ಬಿಟ್ಟವೆಂದು ಸುದ್ದಿ ಬಂತು. ಇನ್ನು ಔಷಧ ಹಿಡಿಯುವುದಿಲ್ಲ. ಸುದ್ದಿಯ ಜೊತೆ ಭರಮಣ್ಣ ಒಂದು ಗಡಿಗೆ ಮಜ್ಜಿಗೆಯನ್ನೂ ಕಳಿಸಿದ್ದಾನೆ. "ಔಷಧ ಕೆಟ್ಟರ ಸಾತಕ್ಕರ ಏನ ಮಾಡ್ಯಾಳು, ಮನಸ್ಸಿಗೆ ಹಚ್ಚಿಕೋಬ್ಯಾಡ ಅನ್ನು" ಎಂದು ಗಡಿಗೆ ತಂದ ಹುಡುಗನಿಗೆ ಹೇಳಿದನಂತೆ. ಆ ಮಜ್ಜಿಗೆಯನ್ನು ನನಗೆ ಕುಡಿಯಲಾಗಲಿಲ್ಲ.

ನಿಮಗೆ ಬರೆಯಲು ಕಾರಣ ಇದೆ. ಹನಿ ಹಾಕುವ ಕೆಲಸ ಕಲಿಸುವಾಗ ನಮಗೆ ಮೊದಲು ಓದಿಸುವುದು ನಿಮ್ಮ ಕಾಲದ ಬರಹಗಳನ್ನು. ನಾಯಿ ಸತ್ತ ದಿನ ನೀವೆಲ್ಲ ಬರೆದಿದ್ದೀರಿ. ಹನ್ನೆರಡೇ ವರ್ಷವಿತ್ತು, ಮನೆ ಖಾಲಿಯಾಯಿತು, ಇನ್ನು ಸಾಕುವುದಿಲ್ಲ ಎಂದು ಪುಟಗಟ್ಟಲೆ ಅತ್ತಿದ್ದೀರಿ. ಓದಿ ನಾವೂ ಅತ್ತೆವು. ಇಂಥ ಸಂಕಟ ಯಾರಿಗೂ ಬೇಡವೆಂದು ಹನಿಯ ಸೀಸೆ ಕೈಗೆತ್ತಿಕೊಂಡೆವು. ನಾಯಿ ಓಡಿದ ದಿನ ಮಾತ್ರ ನೀವು ಯಾರೂ ಏನೂ ಬರೆಯಲಿಲ್ಲ. ಬಹುಶಃ ಅದರ ಹಿಂದೆ ನೀವೂ ಓಡುತ್ತಿದ್ದಿರಿ, ಬರೆಯಲು ಪುರುಸೊತ್ತಾಗಲಿಲ್ಲ.

ದಯವಿಟ್ಟು ಬರೆದಿಡಿ. ಹೇಗೆ ಓಡಿತು, ತಿರುಗಿ ಬಂದು ನಿಮ್ಮ ಮೇಲೆ ಹೇಗೆ ಬಿತ್ತು, ಆಗ ನಿಮಗೆ ಏನನ್ನಿಸಿತು ಎಲ್ಲವನ್ನೂ. ಹನ್ನೆರಡು ವರ್ಷ ಸಾಕಾಗಿತ್ತೋ ಇಲ್ಲವೋ ಎಂಬುದನ್ನೂ ಮುಚ್ಚಿಡದೆ ಬರೆಯಿರಿ. ಭರಮಣ್ಣನ ನಾಯಿ ಸಾಯುವ ದಿನ ಅವನ ಮುಂದೆ ಕೂತು ಓದಲು ನನಗೆ ಏನಾದರೂ ಬೇಕು.