ಬಾಯ್ಲರ್ ಸೀಟಿ ನನಗೆ ಕೇಳಲಿಲ್ಲ

ತುರ್ವಿಹಾಳ
ಶುಕ್ರವಾರ, ಜುಮ್ಮಾ ನಮಾಜ್ ಮುಗಿಸಿ ಬಂದು

ತಮ್ಮ ಸಿದ್ದಲಿಂಗೇಶನಿಗೆ,

ಲಕೋಟೆಯ ಮೇಲೆ ನನ್ನ ಹೆಸರು ಕಂಡ ಕೂಡಲೇ ಹರಿದು ಒಗೆಯಬೇಕು ಅಂತ ನಿನಗೆ ಅನ್ನಿಸಿದ್ದರೆ ತಪ್ಪಲ್ಲ. ಆದರೆ ಒಳಗೆ ಇನ್ನೊಂದು ಕಾಗದ ಇಟ್ಟಿದ್ದೇನೆ, ಸಾಹುಕಾರರ ಸಹಿ ಮತ್ತು ಮಿಲ್ಲಿನ ಮುದ್ರೆ ಇರುವುದು. ಅದಕ್ಕಾಗಿಯಾದರೂ ಇದನ್ನು ಕಡೆತನಕ ಓದು. ಫೋನ್ ಮಾಡಬಹುದಿತ್ತು. ಎರಡು ಸಲ ನಿನ್ನ ನಂಬರ್ ಒತ್ತಿ, ರಿಂಗಾಗುವ ಮೊದಲೇ ಕಟ್ ಮಾಡಿದೆ. ಫೋನಿನಲ್ಲಿ ನೀನು ಏನಂದರೂ ಈಗ ನನಗೆ ಅರ್ಧ ಕೇಳುತ್ತದೆ, ಅರ್ಧ ಕೇಳುವುದಿಲ್ಲ. ಇದನ್ನು ನಾಲ್ಕು ತಿಂಗಳು ಎಲ್ಲರಿಂದ ಮುಚ್ಚಿಟ್ಟಿದ್ದೆ. ಮುಚ್ಚಿಟ್ಟು ಮುಚ್ಚಿಟ್ಟು ದಣಿದುಹೋಗಿದ್ದೇನೆ.

ನವೆಂಬರಿನಲ್ಲಿ ನಾನು ಸಿಂಧನೂರಿನ ಅಕ್ಕಿ ಮಿಲ್ಲಿಗೆ ವಾಪಸ್ ಬಂದ ದಿನ ನಿನಗೆ ನೆನಪಿರುತ್ತದೆ. ಗೇಟಿನ ಹತ್ತಿರವೇ ನೀನು ಎದುರಾದೆ. ಕೈಗೆ ಅಂಟಿದ ಹೊಟ್ಟನ್ನು ಪ್ಯಾಂಟಿಗೆ ಒರೆಸಿಕೊಂಡು, "ಭಾಯಿ, ನಾಕು ತಿಂಗಳು ತಡಕೋರಿ. ಮಗಳನ್ನ ಇಲ್ಲೇ ಸಾಲಿಗೆ ಹಚ್ಚೀನಿ. ಶಿವರಂಜನಿ ಪರೀಕ್ಷೆ ಮುಗೀಲಿ, ನಾನಾ ಬಿಟ್ಟು ಹೋಗ್ತೀನಿ" ಎಂದೆ. ಹಮಾಲರು ಚೀಲ ಇಳಿಸುವುದನ್ನು ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದರು. ಅವರ ಮುಂದೆ ನಾನು ನಿನಗೆ ಅಂದೆ: "ನಾ ದೇಶ ಕಾಯಾಕ ಹೋಗಿದ್ದೆ. ನೀ ನನ್ನ ಜಾಗಾ ಕಾಯಾಕ ಬಂದಾಂವ. ನಾ ಬಂದೀನಿ, ನೀ ಹೊಂಡು."

ಆ ಮಾತು ಆಡಿದವನಿಗೆ ಅದು ಈಗಲೂ ಚುಚ್ಚುತ್ತದೆ ಎಂದು ನಿನಗೆ ಗೊತ್ತಿರಲಿ.

ನನ್ನ ಕೈಯಲ್ಲಿ ಕಾಯ್ದೆ ಇತ್ತು, ಸೇವೆಗೆ ಹೋಗಿ ಬಂದವನಿಗೆ ಹಳೆಯ ಕೆಲಸ ವಾಪಸ್ ಕೊಡಲೇಬೇಕು ಅಂತ. ನಮ್ಮ ಟೆರಿಟೋರಿಯಲ್ ಆರ್ಮಿ ಅಂದರೆ ಊರಲ್ಲಿ ಸ್ವಂತ ಕೆಲಸ ಇದ್ದವರೇ ಸೇರುವ ಪಡೆ. ಕರೆದಾಗ ಯೂನಿಫಾರ್ಮು, ಕಳಿಸಿದಾಗ ಮತ್ತೆ ನಮ್ಮ ನಮ್ಮ ಕೆಲಸ. ಒಂಬತ್ತು ವರ್ಷ ಹಾಗೇ ನಡೆದಿತ್ತು. ವರ್ಷಕ್ಕೆ ಎರಡು ತಿಂಗಳು ಬೆಳಗಾವಿಯ ಪಲ್ಟನ್, ಉಳಿದ ಹತ್ತು ತಿಂಗಳು ಮಿಲ್ಲಿನ ಬಾಯ್ಲರ್. ಆದರೆ ಈ ಸಲ ಬಂದ ಕರೆ ಹದಿನಾರು ತಿಂಗಳು ಎಳೆಯಿತು, ಅದೂ ಕಾಶ್ಮೀರದಲ್ಲಿ. ಹೋಗುವಾಗ ದೊಡ್ಡಬಸಪ್ಪ ಸಾಹುಕಾರರು ನನ್ನ ಬೆನ್ನು ತಟ್ಟಿ, "ಹೋಗಿ ಬಾ ನಾಸೀರಾ, ನಿನ್ನ ಜಾಗಾ ಎಲ್ಲಿಗೂ ಹೋಗಂಗಿಲ್ಲ" ಅಂದಿದ್ದರು. ಅದೇ ಸಾಹುಕಾರರು ನಿನಗೆ, "ಮಿಲಿಟರಿ ರುಚಿ ಹತ್ತಿದಾಂವ ಹೊಟ್ಟಿನ ಧೂಳಿಗೆ ತಿರುಗಿ ಬರ್ತಾನೇನು? ನೀ ಕಾಯಂ ಅಂತ ತಿಳ್ಕೋ" ಅಂದಿದ್ದು ನನಗೆ ಆಮೇಲೆ ತಿಳಿಯಿತು. ಆ ಮಾತು ನಂಬಿ ನೀನು ಲಿಂಗಸುಗೂರಿನ ಎಣ್ಣೆ ಮಿಲ್ಲಿನ ಆರು ವರ್ಷದ ಕೆಲಸ ಬಿಟ್ಟು ಬಂದಿದ್ದೆ, ಸಂಸಾರ ಕಟ್ಟಿಕೊಂಡು. ಸಿಟ್ಟು ಸಾಹುಕಾರರ ಮೇಲೆ ಬರಬೇಕಿತ್ತು. ಅವರ ಮೇಲೆ ಬರಲು ಧೈರ್ಯ ಬೇಕು. ನಿನ್ನ ಮೇಲೆ ಬರಲು ಏನೂ ಬೇಕಾಗಲಿಲ್ಲ.

ಈಗ ಕಿವಿಯ ವಿಷಯ. ಗೊತ್ತಾದ ಮೇಲೆ ಊರಿನವರು ಏನೇನೋ ಅಂದುಕೊಂಡಿದ್ದಾರೆ. ಶತ್ರುವಿನ ಗುಂಡಿಗೂ ಇದಕ್ಕೂ ಸಂಬಂಧ ಇಲ್ಲ. ಒಂದು ಬೆಳಿಗ್ಗೆ ಗುಡ್ಡದ ಇಳಿಜಾರಿನಲ್ಲಿ ಫೈರಿಂಗ್ ಅಭ್ಯಾಸ ನಡೆದಿತ್ತು. ಚಳಿಗೆ ಕೈ ಮರಗಟ್ಟಿ ಕಿವಿಗೆ ಇಡುವ ಬೆಂಡು ಎಲ್ಲೋ ಬಿತ್ತು. ಹುಡುಕುತ್ತ ಬಗ್ಗಿದ್ದೆ, ಮಗ್ಗುಲಿನವನು ರಾಕೆಟ್ ಲಾಂಚರ್ ಹೊಡೆದ. ಅಷ್ಟೇ. ಆವತ್ತಿನಿಂದ ಬಲಗಿವಿ ಸತ್ತಿದೆ. ಎಡಗಿವಿಗೆ ದಪ್ಪ ದನಿ ಕೇಳುತ್ತದೆ, ಸಣ್ಣ ದನಿ, ಚೂಪು ದನಿ ಕೇಳುವುದಿಲ್ಲ. ಹಕ್ಕಿ ಕೂಗುವುದಿಲ್ಲ, ಕುಕ್ಕರ್ ಸೀಟಿ ಹೊಡೆಯುವುದಿಲ್ಲ. ಕಳಿಸುವ ಮುಂಚೆ ಡಾಕ್ಟರು ತಪಾಸಣೆ ಮಾಡಿದಾಗ ಅವರ ತುಟಿ ನೋಡಿ ನೋಡಿ ಉತ್ತರ ಹೇಳಿ ಪಾಸಾದೆ. ಕಿವಿ ಹೋಗಿದೆ ಅಂದರೆ ಪಲ್ಟನ್ನೂ ಹೋಗುತ್ತದೆ, ಬಾಯ್ಲರೂ ಹೋಗುತ್ತದೆ ಎಂಬ ಹೆದರಿಕೆ. ಮನೆಯಲ್ಲಿ ಮಾತ್ರ ಸಿಕ್ಕಿಬಿದ್ದೆ. ವಸೀಮಾ ಮೂರನೇ ದಿನಕ್ಕೇ ರೊಟ್ಟಿ ತಟ್ಟುವುದನ್ನು ಬಿಟ್ಟು ನನ್ನೆದುರು ಬಂದು ನಿಂತು, "ಕಿತ್ತೇ ಬಾರ್ ಬೋಲ್ನಾ ಜೀ?" ಅಂದಳು. ಎಷ್ಟು ಸಲ ಹೇಳಬೇಕು ಅಂತ. ಸಿಟ್ಟಿನಿಂದ ಶುರು ಮಾಡಿದವಳು ನನ್ನ ಮುಖ ನೋಡಿ ಅಲ್ಲೇ ಅಳಲಿಕ್ಕೆ ಹತ್ತಿದಳು. ಯಾರಿಗೂ ಹೇಳಬೇಡ ಅಂತ ಅವಳಿಂದ ಮಾತು ತಗೊಂಡೆ.

ನೀನು ಹೋಗುವ ದಿನ ಗುದ್ದಲಿ, ಸಲಿಕೆ, ಕೈಗವಸು ಎಲ್ಲ ಒರೆಸಿ ಇಟ್ಟು ಬಾಯ್ಲರ್ ಒಪ್ಪಿಸಿದೆ. ನಾನು ನೀನಾಗಿದ್ದರೆ ಕೀಲಿಕೈ ಒಗೆದು ಹೋಗುತ್ತಿದ್ದೆ. ನೀನು, ನಾನಿಲ್ಲದಾಗ ಕೂಡಿಸಿದ ಹೊಸ ಪಂಪಿನ ಹತ್ತಿರ ನಿಂತು ಕೈ ಮಾಡಿ ಮಾಡಿ ಬಹಳ ಹೊತ್ತು ಏನೋ ಹೇಳಿದೆ. ನೀನು ನಿಂತದ್ದು ನನ್ನ ಬಲಕ್ಕೆ, ಅದರ ಮೇಲೆ ಮಿಲ್ಲಿನ ಗದ್ದಲ. ನನಗೆ ಒಂದಕ್ಷರ ಮುಟ್ಟಲಿಲ್ಲ. ಹೂಂ, ಹೂಂ ಅಂತ ತಲೆ ಆಡಿಸಿದೆ. "ತಿಳೀತಲ್ರಿ ಭಾಯಿ?" ಎಂದು ನೀನು ಕೇಳಿದ್ದು ತುಟಿ ನೋಡಿ ಗೊತ್ತಾಯಿತು. "ಒಂಬತ್ತು ವರ್ಷ ಮಾಡೀನಿ, ನೀ ಕಲಿಸ್ತೀಯೇನು?" ಅಂದೆ.

ಆಮೇಲಿನ ದಿನಗಳ ಬಗ್ಗೆ ಏನು ಬರೆಯಲಿ. ಬಾಯ್ಲರ್ ಮಾತಾಡುತ್ತದೆ ಅಂತ ನಿನಗೂ ಗೊತ್ತು. ಉರಿ ಹೆಚ್ಚಾದರೆ ಒಂದು ದನಿ, ಪಂಪ್ ಎಳೆದಾಡಿದರೆ ಇನ್ನೊಂದು. ಮೊದಲು ನಾನು ಬೆನ್ನು ಮಾಡಿ ಕೂತು ಚಹಾ ಕುಡಿಯುತ್ತ ಎಲ್ಲ ತಿಳಿಯುತ್ತಿದ್ದೆ. ಈಗ ನೀರಿನ ಮಟ್ಟ ತೋರಿಸುವ ಗಾಜಿನ ನಳಿಗೆಯನ್ನು ಬೆಳಿಗ್ಗೆಯಿಂದ ಸಂಜೆತನಕ ನೋಡುತ್ತ ಕೂಡುವುದು. ಕಣ್ಣರೆಪ್ಪೆ ಬಡಿಯಲೂ ಹೆದರಿಕೆ. ಹಮಾಲರು ಏನಾದರೂ ಅಂದು ನಕ್ಕರೆ ನಾನೂ ನಗುತ್ತಿದ್ದೆ, ಯಾಕೆ ಅಂತ ಗೊತ್ತಿಲ್ಲದೆ. ಮಿಲಿಟರಿಗೆ ಹೋಗಿ ಬಂದ ಮೇಲೆ ನಾಸೀರನಿಗೆ ಸೊಕ್ಕು ಬಂದಿದೆ, ಕರೆದರೂ ತಿರುಗುವುದಿಲ್ಲ ಅಂತ ಮಿಲ್ಲಿನಲ್ಲಿ ಮಾತಾಯಿತು. ಆಗಲಿ, ಸೊಕ್ಕೇ ಅನ್ನಲಿ ಅಂತ ಬಿಟ್ಟೆ. ಮನೆಗೆ ಬಂದರೆ ಮೈ ಕೈ ನೋವಲ್ಲ, ಹಣೆಯ ಒಳಗಿನಿಂದ ದಣಿವು.

ಈ ರಮ್ಜಾನ್ ತಿಂಗಳ ಹತ್ತನೇ ರೋಜಾ. ಮಧ್ಯಾಹ್ನ ಎರಡರ ಸುಮಾರು. ಒಲೆಯ ಬಾಯಲ್ಲಿ ಬೂದಿ ಗಟ್ಟಿಯಾಗಿತ್ತು. ಗಾಜಿನಿಂದ ಕಣ್ಣು ತೆಗೆದು, ಬಗ್ಗಿ, ಕಬ್ಬಿಣದ ಕೋಲಿನಿಂದ ಎಳೆಯುತ್ತಿದ್ದೆ. ಐದು ನಿಮಿಷವೋ ಹತ್ತು ನಿಮಿಷವೋ. ಯಾರೋ ಹಿಂದಿನಿಂದ ಅಂಗಿ ಹಿಡಿದು ಜಗ್ಗಿದರು. ಹೊಟ್ಟು ಗುಡಿಸುವ ಜೋಗಮ್ಮ. ಬಾಯಿ ತೆರೆದು ಚೀರುತ್ತಿದ್ದಾಳೆ, ನನಗೆ ಬರೀ ಬಾಯಿ ಕಾಣುತ್ತಿದೆ. ಎಡಗಿವಿ ಅವಳ ಕಡೆ ಮಾಡಿದಾಗ ಕೇಳಿತು: "ಸೀಟಿ! ಸೀಟಿ ಹೊಡ್ಯಾಕತ್ತೈತಿ, ಕಿವುಡಾ!"

ಗಾಜಿನಲ್ಲಿ ನೀರೇ ಇರಲಿಲ್ಲ. ಪಂಪ್ ನಿಂತು ಎಷ್ಟು ಹೊತ್ತಾಗಿತ್ತೋ. ನೀರು ಇಳಿದರೆ ಹೊಡೆಯುವ ಸೀಟಿ ನನ್ನ ತಲೆಯ ಮೇಲೆ ಮೂರು ಮೊಳದಲ್ಲಿ ಹೊಡೆಯುತ್ತಿತ್ತು, ಅಂಗಳದಲ್ಲಿದ್ದ ಜೋಗಮ್ಮನಿಗೆ ಕೇಳಿತ್ತು. ನನ್ನ ಕೈ ಮೊದಲು ಹೋದದ್ದು ನೀರಿನ ವಾಲ್ವಿಗೆ. ಕೆಂಪಗೆ ಕಾದ ಬಾಯ್ಲರಿಗೆ ತಣ್ಣೀರು ಬಿಟ್ಟರೆ ಬಾಂಬಿನಂತೆ ಸಿಡಿಯುತ್ತದೆ ಅಂತ ನಿನಗೆ ಹೇಳಬೇಕಾಗಿಲ್ಲ. ವಾಲ್ವ್ ಮುಟ್ಟಿದ ಕೈ ಹೇಗೆ ಹಿಂದೆ ಬಂತೋ ಅಲ್ಲಾಹನಿಗೇ ಗೊತ್ತು. ಒಲೆಗೆ ಹೊಟ್ಟು ಬೀಳುವುದನ್ನು ನಿಲ್ಲಿಸಿದೆ, ಫ್ಯಾನ್ ಬಂದ್ ಮಾಡಿದೆ, ಎಲ್ಲರನ್ನೂ ರಸ್ತೆಗೆ ಓಡಿಸಿದೆ. ಹದಿನೆಂಟು ಜನ. ಬಿಸಿಲಲ್ಲಿ ಬೇವಿನ ಗಿಡದ ಕೆಳಗೆ ನಿಂತು ಒಂದೂವರೆ ತಾಸು ಬಾಯ್ಲರ್ ಆರುವುದನ್ನು ಕಾದೆವು. ಏನೂ ಆಗಲಿಲ್ಲ.

ಅಲ್ಲಿ ಜೋಗಮ್ಮ ನನ್ನ ಎಡಪಕ್ಕ ಕೂತು ಕೈ ಮಾಡಿ ಹೇಳಿದಳು. "ಸಿದ್ದಲಿಂಗೇಶ ಹೋಗೋ ದಿನ ನಿನಗ ಇದನ್ನ ಹೇಳಿದ್ನಲ್ಲೋ. ಹೊಸಾ ಪಂಪ್ ಕಾದ್ರ ತಾನಾ ನಿಂದರತೈತಿ, ಸೀಟಿ ಕಡಿ ಲಕ್ಷ್ಯ ಇಡು ಅಂತ. ನಾ ಅಲ್ಲೇ ಕಸಾ ಹೊಡ್ಯಾಕತ್ತಿದ್ದೆ. ನೀ ಹೂಂ ಅಂದಿ."

ಎಲ್ಲರೂ ಪಂಪಿನ ತಪ್ಪು ಅಂತಲೇ ತಿಳಿದಿದ್ದರು. ಸುಮ್ಮನಿದ್ದರೆ ನಡೆದುಹೋಗುತ್ತಿತ್ತು. ಆದರೆ ರೋಜಾ ಹಿಡಿದ ಬಾಯಲ್ಲಿ ಇನ್ನೊಂದು ಸುಳ್ಳು ಹೊರಳಲಿಲ್ಲ. ನೇರ ಆಫೀಸಿಗೆ ಹೋಗಿ ಸಾಹುಕಾರರ ಮುಂದೆ ನಿಂತೆ. "ಸಾಹುಕಾರ್ರ, ಪಂಪ್ ನಿಂತಿದ್ದು ಪಂಪಿನ ತಪ್ಪು. ಸೀಟಿ ಕೇಳದಿದ್ದಿದ್ದು ನನ್ನ ತಪ್ಪು. ನನಗ ಕಿವಿ ಇಲ್ಲ. ಬಂದಾಗಿಂದ ಇಲ್ಲ" ಅಂದೆ. ಅವರು ಎದ್ದು ನಿಂತು ಬೈದರು. "ಹದಿನೆಂಟು ಮಂದಿ ಇದ್ರಲ್ಲೋ ಒಳಗ" ಎಂಬುದಷ್ಟು ತಿಳಿಯಿತು, ಉಳಿದದ್ದು ತಿಳಿಯಲಿಲ್ಲ. ತಿಳಿಯದಿದ್ದದ್ದೂ ನನಗೆ ಸಲ್ಲಬೇಕಾದದ್ದೇ. ಬೈದು ಬೈದು ಅವರೂ ಸುಸ್ತಾಗಿ ಕೂತರು. ಆಗ ನಾನು, ಸಿದ್ದಲಿಂಗೇಶನನ್ನು ವಾಪಸ್ ಕರೆಸಿರಿ ಅಂದೆ. ಅವರು, "ಅಂವ ನನ್ನ ಮಾತು ಇನ್ನ ನಂಬಂಗಿಲ್ಲ" ಅಂದರು. ಎಡಗಿವಿಯ ಕಡೆ ಬಂದು, ಬಿಡಿಸಿ ಬಿಡಿಸಿ ಅಂದರು. ಹಾಗಾದರೆ ಬರೆದು ಕೊಡಿರಿ ಅಂದೆ. ಅದೇ ಈ ಕಾಗದ. ಕಾಯಂ ಎಂಬ ಶಬ್ದ ಎರಡನೇ ಸಾಲಿನಲ್ಲಿದೆ, ನೋಡಿಕೋ.

ಕಳೆದ ಭಾನುವಾರ ಬಸ್ಸು ಹತ್ತಿ ನಿನ್ನೂರು ಮುಕ್ಕುಂದಕ್ಕೆ ಬಂದಿದ್ದೆ, ನಿನಗೆ ಗೊತ್ತಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಕೇಳಿದರೆ ಯಾರದೋ ಗದ್ದೆಗೆ ಎಣ್ಣೆ ಹೊಡೆಯಲು ಹೋಗಿದ್ದಾನೆ ಅಂದರು. ಬದುವಿನ ಮೇಲೆ ಅರ್ಧ ದಾರಿ ನಡೆದೆ. ಬೆನ್ನಿಗೆ ಔಷಧದ ಡಬ್ಬಿ, ಮೂಗಿಗೆ ಟವೆಲ್ ಕಟ್ಟಿಕೊಂಡು ನೀನು ಮೊಣಕಾಲುದ್ದ ಭತ್ತದಲ್ಲಿ ಹೋಗುತ್ತಿದ್ದೆ. ಬಾಯ್ಲರಿನ ಸರ್ಟಿಫಿಕೇಟ್ ಇದ್ದವನು ಕೂಲಿಗೆ ಎಣ್ಣೆ ಹೊಡೆಯುತ್ತಿದ್ದಾನೆ, ನನ್ನಿಂದ. ಮುಂದೆ ಕಾಲು ಬರಲಿಲ್ಲ. ತಿರುಗಿ ಬಂದೆ. ಶಿವರಂಜನಿ ದಿನಾ ಸಿಂಧನೂರಿಗೆ ಬಸ್ಸಿನಲ್ಲಿ ಓಡಾಡಿ ಸಾಲಿ ಕಲಿಯುತ್ತಿದ್ದಾಳೆ ಅಂತಲೂ ಬಸ್ಸಿನ ಕಂಡಕ್ಟರ್ ಹೇಳಿದ. ಅವಳ ಪರೀಕ್ಷೆಗೆ ಇನ್ನೂ ಎರಡು ವಾರ ಇದೆ. ಸಿಂಧನೂರಿನಲ್ಲಿ ನೀನಿದ್ದ ಬಾಡಿಗೆ ಮನೆ ಖಾಲಿಯೇ ಇದೆ, ಕೇಳಿ ಬಂದಿದ್ದೇನೆ.

ನನ್ನ ಬಗ್ಗೆ ಚಿಂತೆ ಮಾಡಬೇಡ, ಮಾಡುವುದೂ ಇಲ್ಲ ಬಿಡು. ಪಲ್ಟನ್ನಿಗೂ ಇದ್ದದ್ದು ಇದ್ದ ಹಾಗೆ ಬರೆದು ಕಳಿಸಿದ್ದೇನೆ. ಇನ್ನೊಮ್ಮೆ ತಪಾಸಣೆಗೆ ಕರೆಯುತ್ತಾರೆ, ಆಮೇಲೆ ಬಿಡುಗಡೆ ಆಗಬಹುದು. ಸಾಹುಕಾರರು ನನಗೆ ಲಾರಿ ತೂಕದ ಕಾಟಾದ ಮೇಲೆ ಕೂಡಲು ಹೇಳಿದ್ದಾರೆ. ಪಗಾರ ಕಡಿಮೆ, ಅಂಕಿ ಕಣ್ಣಿಗೆ ಕಂಡರೆ ಸಾಕು. ವಸೀಮಾ ಇದನ್ನು ಕೇಳಿ ನಿಟ್ಟುಸಿರು ಬಿಟ್ಟು, ಇವತ್ತಾದರೂ ಕಣ್ಣು ಮುಚ್ಚಿ ಮಲಗಿರಿ ಅಂದಳು. ಮಲಗಿದೆ.

ಹನ್ನೊಂದು ದಿನದಿಂದ ಬಾಯ್ಲರ್ ತಣ್ಣಗಿದೆ. ಇನ್‌ಸ್ಪೆಕ್ಟರ್ ಬಂದು ನೋಡಿ, ಉರಿ ಹಾಕಬಹುದು ಅಂತ ಬರೆದುಕೊಟ್ಟು ಹೋಗಿದ್ದಾರೆ. ಉರಿ ಹಾಕುವವರಿಲ್ಲ. ಜೋಗಮ್ಮ, ಹಮಾಲರು ದಿನಾ ಬಂದು ಗೇಟಿನಲ್ಲಿ ಕೂತು ಹೋಗುತ್ತಾರೆ. ಈ ಲಕೋಟೆಯನ್ನು ಮುಕ್ಕುಂದದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ, ನಾಳೆ ಮುಟ್ಟುತ್ತದೆ. ಸೋಮವಾರ ಬಾ. ಆವತ್ತು ಅವರ ಮುಂದೆಯೇ ನಿನಗೆ ಆ ಮಾತು ಅಂದಿದ್ದೆ. ಸೋಮವಾರ ಅವರ ಮುಂದೆಯೇ ನಿನ್ನ ಕ್ಷಮೆ ಕೇಳುತ್ತೇನೆ. ನೀನು ಕ್ಷಮಿಸಬೇಕೆಂದೇನೂ ಇಲ್ಲ, ಕೆಲಸಕ್ಕೆ ಬಂದರೆ ಸಾಕು. ಬರದಿದ್ದರೂ ಸರಿ, ನಾನು ಮತ್ತೆ ಆ ಬಾಯ್ಲರಿನ ಮುಂದೆ ಕೂಡುವುದಿಲ್ಲ.

ನಿನ್ನ ಮಗಳು ಪರೀಕ್ಷೆಯಲ್ಲಿ ಒಂದೂ ಪ್ರಶ್ನೆ ಬಿಡದಂತೆ ಬರೆಯಲಿ. ಆ ಔಷಧದ ಡಬ್ಬಿ ನಿನ್ನ ಬೆನ್ನಿನಿಂದ ಬೇಗ ಇಳಿಯಲಿ. ಇಫ್ತಾರಿಗೆ ಕೂಡುವಾಗ ದಿನಾ ಇದನ್ನೇ ಬೇಡುತ್ತಿದ್ದೇನೆ.

ನಿನಗೆ ಅನ್ಯಾಯ ಮಾಡಿದ,
ನಾಸೀರ್