ಅಪ್ಪನ ಹಲ್ಲಿಗೆ ಕಟ್ಟಿದ ದಾರ

ಮನೆಯಿಂದ,
ಹದಿನೇಳನೇ ತಾರೀಕು, ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಚೆನ್ನಾಗಿದ್ದೀಯಾ? ಹಡಗಿನಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ, ಇಲ್ಲ ಬ್ಯಾಂಡಿನವರ ಜೊತೆ ಹರಟೆ ಹೊಡೆದು ಒಂದು ಹೊತ್ತಿನ ಊಟಕ್ಕೆ ಎಳ್ಳುನೀರು ಬಿಡುತ್ತಿದ್ದೀಯಾ? ಬಾಯಿ ಹೇಗಿದೆ? ಮೈ ಹೇಗಿದೆ ಎಂದು ಕೇಳುವುದು ಬಿಟ್ಟು ಬಾಯಿ ಹೇಗಿದೆ ಎನ್ನುತ್ತಾಳಲ್ಲ, ಅಕ್ಕನಿಗೆ ತಲೆ ಕೆಟ್ಟಿತೇ ಎಂದುಕೊಳ್ಳಬೇಡ. ಕೆಟ್ಟಿರುವುದು ನಿಜ, ಆದರೆ ಕೇಳಿದ್ದಕ್ಕೆ ಕಾರಣ ಇದೆ.

ಮೊನ್ನೆ ಫೋನಿನಲ್ಲಿ ನೀನು ಅಂದ ಮಾತು ಇನ್ನೂ ಕಿವಿಯಲ್ಲೇ ಇದೆ. "ಅಕ್ಕ, ಅಪ್ಪ ಇನ್ನು ಊದಲ್ವಲ್ಲ, ಆ ಟ್ರಂಪೆಟ್ ಸುಮ್ನೆ ಯಾಕೆ ಅಲ್ಲಿ ಧೂಳು ತಿನ್ನಬೇಕು, ಕಳಿಸಿಬಿಡು." ನಾನು ಆಗ ನೋಡೋಣ ಎಂದೆ. ಪಕ್ಕದಲ್ಲೇ ಅಪ್ಪ ಕೂತಿದ್ದ, ಅದಕ್ಕೇ ಅಷ್ಟರಲ್ಲಿ ಮುಗಿಸಿದೆ. ಇಲ್ಲದಿದ್ದರೆ ನಿನ್ನ ಕಿವಿಗೆ ತುಂಬುವಷ್ಟು ಮಾತು ನನ್ನ ಹತ್ತಿರ ಇತ್ತು. ಅಪ್ಪ ಸತ್ತಿಲ್ಲ ಕಣೋ. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ ಹೋಗುತ್ತಾನೆ, ಮಧ್ಯೆ ಗೋಡೆ ಹಿಡಿದು ನಿಲ್ಲುತ್ತಾನೆ. ಹೃದಯದ ಒಂದು ಭಾಗ ಸತ್ತೇ ಹೋಗಿದೆಯಂತೆ, ಬಲೂನು ಕೂಡ ಊದಬಾರದು ಎಂದಿದ್ದಾರೆ. ಕಳೆದ ತಿಂಗಳು ಮುಂದಿನ ಹಲ್ಲುಗಳನ್ನೂ ಕೀಳಿಸಿದ್ದಾಯಿತು. ಅನ್ನವನ್ನು ಮಿದ್ದು ಕೊಡುತ್ತೇನೆ. ಯಾವ ಹಲ್ಲಿಗಾಗಿ ಇಷ್ಟು ವರ್ಷ ಎಲ್ಲರ ಕಣ್ಣಿಗೆ ಮಣ್ಣೆರಚಿದನೋ ಆ ಹಲ್ಲೂ ಇಲ್ಲ, ಊದುವ ಉಸಿರೂ ಇಲ್ಲ.

ನೀನು ಆಸ್ಪತ್ರೆಗೆ ಬಂದು ನೋಡಿ ಹೋದದ್ದು ನಾಲ್ಕೇ ದಿನ. ಏನು ನಡೆಯಿತು ಎಂದು ಕೇಳಿದೆ, ನಾನು ಹೇಳುವಷ್ಟರಲ್ಲಿ ಹಡಗಿನ ಹೊತ್ತಾಯಿತು ಎಂದು ಹೊರಟೆ. ಈಗ ಕೇಳು. ಅಪ್ಪನ ವಸಡಿನಿಂದ ರಕ್ತ ಬರುತ್ತಿದ್ದದ್ದು ಇವತ್ತು ನಿನ್ನೆಯದಲ್ಲ. ಬೆಳಗ್ಗೆ ಹಲ್ಲುಜ್ಜುವಾಗ ನಲ್ಲಿಯನ್ನು ಜೋರಾಗಿ ಬಿಟ್ಟುಕೊಳ್ಳುತ್ತಿದ್ದ, ಕೆಂಪು ಕಾಣದಿರಲಿ ಎಂದು. ಬ್ರೆಡ್ಡನ್ನು ಚಹಾದಲ್ಲಿ ಅದ್ದಿ ತಿನ್ನುವುದೇ ಇಷ್ಟ ಎನ್ನುತ್ತಿದ್ದ. ಮಾತಾಡುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದ, ವಾಸನೆ ಅವನಿಗೇ ಗೊತ್ತಿತ್ತು. ನಾನು ಬಾಯಿ ಬಡಿದುಕೊಂಡು ಬಡಿದುಕೊಂಡು, ಎರಡು ವರ್ಷದ ಹಿಂದೆ ಹಲ್ಲಿನ ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದೆ. ಆಕೆ ಕನ್ನಡಿ ಕೊಟ್ಟು ತೋರಿಸಿದರು: ವಸಡು ಹಲ್ಲನ್ನು ಬಿಟ್ಟು ಸರಿದಿತ್ತು, ಒತ್ತಿದರೆ ಕೀವು. "ವಸಡಿನೊಳಗೆ ಪೂರ್ತಿ ಕ್ಲೀನ್ ಮಾಡಬೇಕು, ಈ ಎರಡು ಹಲ್ಲು ಉಳಿಯಲ್ಲ, ಸಿಗರೇಟ್ ಬಿಡಿ. ಇದು ಬರೀ ಬಾಯಿ ವಿಷಯ ಅಲ್ಲ ಯಜಮಾನರೇ. ಈ ಕ್ರಿಮಿ ರಕ್ತಕ್ಕೂ ಸೇರುತ್ತೆ. ವಸಡು ಹೀಗಿರೋರಿಗೆ ಹಾರ್ಟ್ ಅಟ್ಯಾಕ್ ಜಾಸ್ತಿ ಆಗುತ್ತೆ ಅಂತ ಓದಿದೀವಿ, ನೋಡಿಯೂ ಇದೀವಿ," ಎಂದರು. ಅಪ್ಪನಿಗೆ ಕೇಳಿಸಿದ್ದು ಒಂದೇ, ಎರಡು ಹಲ್ಲು ಉಳಿಯಲ್ಲ ಎಂಬುದು. ಮುಂದಿನ ಹಲ್ಲಿನ ಆಸರೆ ಇಲ್ಲದೆ ಟ್ರಂಪೆಟ್ ತುಟಿಯ ಮೇಲೆ ಕೂರುವುದಿಲ್ಲ. ಅವನಿಗೆ ಅದು ಹಲ್ಲು ಹೋಗುವ ಮಾತಲ್ಲ, ಕೆಲಸ ಹೋಗುವ ಮಾತು.

ಆ ಸಂಜೆ ಅವನು ಫೋನ್ ಮಾಡಿದ್ದು ನಿನಗೆ. ನೀನೂ ಊದುವವನು, ನಿನ್ನ ಮಾತೇ ವೇದ. ನೀನೇನು ಹೇಳಿದೆ, ನೆನಪಿದೆಯಾ? "ಕೀಳಿಸಬೇಡಪ್ಪ. ನಮ್ಮ ಬ್ಯಾಂಡಲ್ಲಿ ಒಬ್ಬ ಕೀಳಿಸ್ಕೊಂಡ, ಈಗ ಹಿಂದಿನ ಸಾಲಲ್ಲಿ ನಿಂತ್ಕೊಂಡು ತಾಳ ತಟ್ತಿದಾನೆ." ಅಪ್ಪ ಎಷ್ಟು ನಕ್ಕ ಗೊತ್ತಾ? ಬಂದವರಿಗೆಲ್ಲ ಅದನ್ನೇ ಹೇಳಿದ, ಹೇಳುವಾಗ ಎರಡು ಕೈ ತಟ್ಟಿ ತೋರಿಸುತ್ತಿದ್ದ. ಆಮೇಲೆ ಡಾಕ್ಟರಮ್ಮನ ಹೆಸರೆತ್ತಿದರೆ ಸಾಕು, ನನ್ನನ್ನೂ ಹಿಂದಿನ ಸಾಲಿಗೆ ಕಳಿಸ್ತೀಯಾ ಎನ್ನುತ್ತಿದ್ದ. ನೀನು ದೂರದಿಂದ ಒಂದು ಮಾತು ಎಸೆದು ನಿನ್ನ ಪಾಡಿಗೆ ಇದ್ದೆ. ಇಲ್ಲಿ ನಾನು ದಿನಾ ಹೇಳಿದ್ದು ಗೋಡೆಗೆ ಹೇಳಿದ ಹಾಗಾಯಿತು. ಅದರ ಹೊಟ್ಟೆಯುರಿ ನನಗೆ ಇವತ್ತಿಗೂ ಆರಿಲ್ಲ, ಮುಚ್ಚಿಟ್ಟು ಏನಾಗಬೇಕು.

ದಾರದ ವಿಷಯ ನನಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ. ಅಲ್ಲಾಡುತ್ತಿದ್ದ ಆ ಎರಡು ಹಲ್ಲುಗಳನ್ನು ಅಕ್ಕಪಕ್ಕದ ಗಟ್ಟಿ ಹಲ್ಲಿಗೆ ಸೇರಿಸಿ, ಮೀನು ಹಿಡಿಯುವ ಸಣ್ಣ ನೈಲಾನ್ ದಾರದಿಂದ ಕಟ್ಟಿಕೊಳ್ಳುತ್ತಿದ್ದನಂತೆ. ಕಟ್ಟುತ್ತಿದ್ದವರು ಯಾರು ಬಲ್ಲೆಯಾ? ನಮ್ಮ ಡ್ರಮ್ ಮಾಮ. ಅಪ್ಪ ಸಂಜೆ ಊದುತ್ತಿದ್ದ ಹೋಟೆಲಿನಲ್ಲಿ ವೇದಿಕೆಯ ಹಿಂದಿನ ಸಣ್ಣ ಕೋಣೆ ಇದೆಯಲ್ಲ, ಮುರಿದ ಕುರ್ಚಿ ಪೇರಿಸಿಟ್ಟಿರುವುದು, ಅಲ್ಲಿ ಬಲ್ಬಿನ ಕೆಳಗೆ ಅಪ್ಪ ಬಾಯಿ ಕಳೆದು ಕೂರುವುದು, ಮಾಮ ಕನ್ನಡಕ ಏರಿಸಿಕೊಂಡು ಗಂಟು ಹಾಕುವುದು. ಕಾರ್ಯಕ್ರಮ ಮುಗಿದ ಮೇಲೆ ಉಗುರು ಕತ್ತರಿಯಿಂದ ಕತ್ತರಿಸುವುದು. ಆ ದಾರ ವಸಡನ್ನು ಇನ್ನಷ್ಟು ಕೊಯ್ಯುತ್ತಿತ್ತು ಎಂದು ಇಬ್ಬರು ಮಹಾನುಭಾವರಿಗೂ ಹೊಳೆಯಲಿಲ್ಲ. ಊದುವಾಗ ಹಲ್ಲು ಅಲ್ಲಾಡದಿದ್ದರೆ ಆಯಿತು, ಬೇರೆ ಚಿಂತೆ ಇಲ್ಲ.

ಆಸ್ಪತ್ರೆ ಸೇರಿದ ದಿನ ಸಂಜೆ ಮೊದಲ ಹಾಡು ಮುಗಿಯುವಷ್ಟರಲ್ಲಿ ಅಪ್ಪನಿಗೆ ಕೆಳದವಡೆ ಹಿಡಿದುಕೊಂಡಿತು. ಕಿವಿಯ ಬುಡದವರೆಗೆ ಸೆಳೆತ. ಮಾಮ ದಾರ ಬಿಗಿಯಾಯಿತೆಂದು ಕತ್ತರಿಸಿದರು. ಆಮೇಲೆ ಲವಂಗದ ಎಣ್ಣೆ ಹಚ್ಚಿದರು. ಆಮೇಲೆ ಐಸು ತರಿಸಿ ಕೆನ್ನೆಗೆ ಒತ್ತಿದರು. ನನಗೆ ಫೋನ್ ಮಾಡಿ, "ಹಲ್ಲು ನೋವು ಕಣಮ್ಮ, ಗಾಬರಿ ಆಗಬೇಡ," ಎಂದರು. ವೇದಿಕೆಯ ಮೇಲೆ ಉಳಿದವರ ಹಾಡು ನಡೆಯುತ್ತಲೇ ಇತ್ತು, ಅಪ್ಪ ಹಲ್ಲು ಕಚ್ಚಿಕೊಂಡು ಆ ಕೋಣೆಯಲ್ಲಿ ಕೂತೇ ಇದ್ದ. ನಾನು ಹೋಗಿ ನೋಡಿದಾಗ ಅಂಗಿ ಪೂರ್ತಿ ಬೆವರಿನಲ್ಲಿ ನೆನೆದಿತ್ತು. "ಆಯ್ತು ಮಗಳೇ, ನೀನೇ ಗೆದ್ದೆ. ಕೀಳಿಸಿಬಿಡ್ತೀನಿ, ನಡಿ," ಎಂದ. ನಾನೂ ಹಲ್ಲೇ ಅಂದುಕೊಂಡೆ ಕಣೋ, ಬೇರೇನು ಅಂದುಕೊಳ್ಳಲಿ? ಕರೆದುಕೊಂಡು ಹೋದಾಗ ಡಾಕ್ಟರಮ್ಮ ಬಾಗಿಲು ಹಾಕುವ ಹೊತ್ತು. ಆಕೆ ಬಾಯಿ ತೆಗೆಸಲೇ ಇಲ್ಲ. ಮುಖ ನೋಡಿದರು, ಕೈ ಹಿಡಿದು ನಾಡಿ ನೋಡಿದರು, "ಇದು ಹಲ್ಲಲ್ಲ, ಹಾರ್ಟು, ಮೊದಲು ಆಸ್ಪತ್ರೆಗೆ ಹೊರಡಿ," ಎಂದು ತಾವೇ ಆಂಬುಲೆನ್ಸಿಗೆ ಫೋನ್ ಮಾಡಿದರು. ಕೆಳದವಡೆಯ ನೋವಾಗಿಯೂ ಹಾರ್ಟ್ ಅಟ್ಯಾಕ್ ಬರುತ್ತದಂತೆ. ಬಾಯಿ ಸರಿ ಇದ್ದ ಮನುಷ್ಯನಾಗಿದ್ದರೆ ಯಾರಿಗಾದರೂ ಅನುಮಾನ ಬರುತ್ತಿತ್ತು. ನಮ್ಮಪ್ಪನ ದವಡೆ ನೋವಿಗೆ ಕಾರಣ ಎಲ್ಲರಿಗೂ ಮೊದಲೇ ಗೊತ್ತಿತ್ತಲ್ಲ.

ಹೃದಯದ ಡಾಕ್ಟರನ್ನು ನಾನು ನೇರವಾಗಿ ಕೇಳಿದೆ, ವಸಡಿನಿಂದಲೇ ಹೀಗಾಯಿತಾ ಎಂದು. ಅವರು ಕಡ್ಡಿ ಮುರಿದ ಹಾಗೆ ಹೇಳಲಿಲ್ಲ. ಎರಡಕ್ಕೂ ನಂಟಿರುವುದು ನಿಜ, ವಸಡು ವರ್ಷಗಟ್ಟಲೆ ಊದಿಕೊಂಡಿದ್ದರೆ ಅದರ ಪೆಟ್ಟು ರಕ್ತನಾಳಕ್ಕೂ ತಟ್ಟಬಹುದು, ಆದರೆ ಸಿಗರೇಟೂ ಇತ್ತು, ವಯಸ್ಸೂ ಇತ್ತು, ಇದರಿಂದಲೇ ಎಂದು ಬೆರಳು ಮಾಡಿ ತೋರಿಸಲು ಬರುವುದಿಲ್ಲ ಎಂದರು. ಒಂದು ಮಾತು ಮಾತ್ರ ಖಚಿತವಾಗಿ ಹೇಳಿದರು, ಬೇಗ ಬಂದಿದ್ದರೆ ಹೃದಯ ಇಷ್ಟು ಹಾಳಾಗುತ್ತಿರಲಿಲ್ಲ. ಸಂಜೆಯೆಲ್ಲ ಲವಂಗದ ಎಣ್ಣೆ ಹಚ್ಚಿಕೊಂಡು ಕೂತಿದ್ದನ್ನು ಅವರಿಗೆ ಹೇಳದೆಯೇ ಎದ್ದು ಬಂದೆ.

ಡ್ರಮ್ ಮಾಮ ಆಮೇಲೆ ಈ ಕಡೆ ತಲೆ ಹಾಕಿಲ್ಲ, ಮುಖ ತೋರಿಸಲು ಆಗುವುದಿಲ್ಲವಂತೆ. ಹೋಟೆಲಿನವರು ಬೇರೆ ಊದುವವನನ್ನು ತಂದುಕೊಂಡರು. ಅಪ್ಪ ಸಂಜೆಯಾದರೆ ಅಂಗಿ ಬದಲಿಸಿ ಕೂರುತ್ತಾನೆ. ನಾನು ನೋಡಿಯೂ ನೋಡದ ಹಾಗೆ ಬಟ್ಟೆ ಮಡಿಸುತ್ತೇನೆ. ಒಮ್ಮೊಮ್ಮೆ ಅವನ ಮೇಲೆ ಎಷ್ಟು ಸಿಟ್ಟು ಬರುತ್ತದೆಂದರೆ ತಟ್ಟೆ ಕುಕ್ಕಿ ಎದ್ದು ಹೋಗುತ್ತೇನೆ, ಆಮೇಲೆ ನಾನೇ ಹೋಗಿ ಬಾಯಿ ಒರೆಸುತ್ತೇನೆ.

ಇರಲಿ. ನಿನಗೆ ಅಪ್ಪನ ಆಶೀರ್ವಾದ, ನನ್ನದೂ ಇದೆ, ಎಷ್ಟೇ ಬೈದರೂ. ಗಾಳಿಯಲ್ಲಿ ನಿಂತು ಊದುವಾಗ ಎದೆಗೆ ಬೆಚ್ಚಗೆ ಏನಾದರೂ ಹಾಕಿಕೋ.

ನಿನ್ನ
ಅಕ್ಕ

ತಾ.ಕ.: ಅಪ್ಪ ಎದ್ದ, ಬೇಗ ಮುಗಿಸುತ್ತೇನೆ. ನಿನ್ನೆ ಅವನೇ ಟ್ರಂಪೆಟ್ಟನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟು, ಕಳಿಸು ಎಂದು ನನ್ನ ಕೈಗೆ ಕೊಟ್ಟ. ತೆರೆದು ನೋಡಿದರೆ ಮೂಲೆಯಲ್ಲಿ ಆ ನೈಲಾನ್ ದಾರದ ಉಂಡೆ. ಇದ್ಯಾಕಪ್ಪಾ ಎಂದೆ. "ಇರಲಿ ಮಗಳೇ, ಅವನಿಗೂ ಬೇಕಾಗುತ್ತೆ. ಬಂದಾಗ ನೋಡಿದೆ, ಅವನದೂ ಅಲ್ಲಾಡ್ತಿದೆ," ಎಂದ. ನನಗೆ ಆಶ್ಚರ್ಯವಾಗಲಿಲ್ಲ. ನೀನು ಮಲಗಿ ಎದ್ದ ದಿಂಬಿನ ಕವರನ್ನು ಒಗೆದವಳು ನಾನು, ಆ ಕೆಂಪು ಕಲೆ ಇನ್ನೂ ಪೂರ್ತಿ ಹೋಗಿಲ್ಲ. ದಾರವನ್ನು ಒಲೆಗೆ ಹಾಕಿದೆ. ಟ್ರಂಪೆಟ್ ನನ್ನ ಮಂಚದ ಕೆಳಗಿದೆ. ಡಾಕ್ಟರಮ್ಮನಿಗೆ ನಿನ್ನ ವಿಷಯ ಹೇಳಿದ್ದೇನೆ, ಬರಲಿ ಎಂದಿದ್ದಾರೆ. ಮೊದಲು ಅಲ್ಲಿಗೆ ಹೋಗಿ ಬಾಯಿ ತೋರಿಸು, ಅವರು ಕೀಳಬೇಕೆಂದರೆ ಕೀಳಿಸು, ಆಮೇಲೆ ಮನೆಗೆ ಬಂದು ಪೆಟ್ಟಿಗೆ ಕೇಳು. ನೀನು ತಾಳ ತಟ್ಟಿದರೂ ನನಗೆ ಬೇಸರವಿಲ್ಲ ಕಣೋ, ಇನ್ನೊಬ್ಬರ ಬಾಯಿಗೆ ಅನ್ನ ಮಿದ್ದು ಇಡುವುದು ನನ್ನಿಂದ ಆಗುವುದಿಲ್ಲ.